ಚೀಟಿಯಲ್ಲಿ ಇಲ್ಲದ ಪ್ರಶ್ನೆ

ಮನುಷ್ಯನ ಬಾಯಿ ಮುಚ್ಚಿಸಲು ಬೇಕಾದಷ್ಟು ಉಪಾಯಗಳಿವೆ. ಬೈಯಬಹುದು, ಹೆದರಿಸಬಹುದು, ಬಾಯಿಗೆ ಒಂದು ಲಾಡು ತುರುಕಬಹುದು. ಆದರೆ ನಮ್ಮ ಬೀದರ ಜಿಲ್ಲೆಯಲ್ಲಿ ಇವೆಲ್ಲಕ್ಕಿಂತ ಸುಲಭವಾದ, ಯಾರಿಗೂ ನೋವಾಗದ ಒಂದು ಪದ್ಧತಿ ಇದೆ. ಅದೇ ಸನ್ಮಾನ. ನಮ್ಮಲ್ಲಿ ಸನ್ಮಾನವಿಲ್ಲದ ಸಭೆಯೇ ಇಲ್ಲ. ಶಾಲೆಗೆ ಹೊಸ ಗಂಟೆ ಕೊಡಿಸಿದವನಿಗೆ ಸನ್ಮಾನ, ಹಳೆಯ ಗಂಟೆಯನ್ನು ಇಷ್ಟು ವರ್ಷ ಬಾರಿಸಿದವನಿಗೂ ಸನ್ಮಾನ, ಇಬ್ಬರಿಗೂ ಶಾಲು ತಂದುಕೊಟ್ಟವನಿಗೆ ಕೊನೆಗೊಂದು ಸನ್ಮಾನ. ಹೆಗಲ ಮೇಲೆ ಶಾಲು ಬಿದ್ದ ಕೂಡಲೇ ಮನುಷ್ಯ ಕೈ ಮುಗಿಯುತ್ತಾನೆ, ಫೋಟೋಕ್ಕೆ ನಿಲ್ಲುತ್ತಾನೆ, ಆಮೇಲೆ ಹೋಗಿ ಕುರ್ಚಿಯಲ್ಲಿ ಕೂಡುತ್ತಾನೆ. ಹಾಗೆ ಕೂತವನು ಮತ್ತೆ ಎದ್ದು ಶಾಲು ಹೊದಿಸಿದವರ ಜೊತೆ ಜಗಳ ತೆಗೆಯುವುದು ನಮ್ಮ ಕಡೆ ಮರ್ಯಾದೆಯ ಲಕ್ಷಣವಲ್ಲ. ಈ ಗುಟ್ಟನ್ನು ನಾನು ಹೇಳಿಕೊಡಬಾರದವರಿಗೆ ಒಮ್ಮೆ ಹೇಳಿಕೊಟ್ಟೆ. ಬರೆದುಬಿಟ್ಟರೆ ಮನಸ್ಸು ಹಗುರಾಗುತ್ತದೆ ಎಂದು ಯಾರೋ ಅಂದರು, ಅದಕ್ಕೇ ಬರೆಯುತ್ತಿದ್ದೇನೆ. ಸದ್ಯಕ್ಕಂತೂ ನಾಚಿಕೆಯೇ ಆಗುತ್ತಿದೆ.

ನಾನು ಮೈಲೂರಿನಲ್ಲಿ ಇರುವವನು. ಒಂದು ಖಾಸಗಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಆದರೆ ಹಾಗೆಂದು ಹೇಳಿದರೆ ನಮ್ಮ ಓಣಿಯಲ್ಲೇ ಯಾರಿಗೂ ಗುರುತು ಸಿಗುವುದಿಲ್ಲ. "ಮೈಕ್ ಸರ್" ಎಂದರೆ ಆಟೋದವನೂ ನೇರವಾಗಿ ಮನೆ ಬಾಗಿಲಿಗೆ ತಂದು ಬಿಡುತ್ತಾನೆ. ಮದುವೆ, ಬೀಳ್ಕೊಡುಗೆ, ಗೃಹಪ್ರವೇಶ, ಉದ್ಘಾಟನೆ, ಯಾವುದಿದ್ದರೂ ನಿರೂಪಣೆ ನನ್ನದೇ. ಮೈಕಿನ ಮುಂದೆ ನಾಲ್ಕು ಕ್ಷಣ ಖಾಲಿ ಹೋದರೆ ನನಗೆ ಉಸಿರು ಕಟ್ಟುತ್ತದೆ. ಮುಖ್ಯ ಅತಿಥಿ ಮೂರು ತಾಸು ತಡವಾದಾಗ ಜನರನ್ನು ಹಿಡಿದು ಕೂರಿಸಿದ್ದೇನೆ. ಕರೆಂಟ್ ಹೋದಾಗ ಗಂಟಲಿನಲ್ಲೇ ಕಾರ್ಯಕ್ರಮ ಮುಗಿಸಿದ್ದೇನೆ. ಒಮ್ಮೆ ಭಾಲ್ಕಿಯಲ್ಲಿ ಒಂದು ಶ್ರದ್ಧಾಂಜಲಿ ಸಭೆ. ಹಿರಿಯರೊಬ್ಬರು ಮೃತರ ಗುಣಗಾನ ಮಾಡಿ, ಕಣ್ಣೊರೆಸಿಕೊಂಡು ಕೆಳಗಿಳಿದರು. ನಾನು ರೂಢಿಯ ಬಲದಿಂದ, "ಇವರಿಗೊಂದು ಜೋರಾದ ಚಪ್ಪಾಳೆ ಬರಲಿ!" ಎಂದುಬಿಟ್ಟೆ. ದುಃಖದ ವಿಷಯವೆಂದರೆ ಚಪ್ಪಾಳೆ ಬಂತು. ಸತ್ತವರ ಮಗನೂ ಹೊಡೆದ. ನನ್ನ ಹೆಂಡತಿ ಸುವರ್ಣಾ ಆ ದಿನದಿಂದ ಒಂದು ಮಾತನ್ನು ಬಿಡದೆ ಹೇಳುತ್ತಾಳೆ: "ನಿಮಗ ಇಂಜಿನ್ ಭಾಳ ಛಲೋ ಕೊಟ್ಟಾನ್ರಿ ದೇವರು, ಬ್ರೇಕ್ ಹಾಕಾದೇ ಮರತಾನ."

ಹೀಗಿರುವಾಗ ಒಂದು ಸಂಜೆ ಭಾಲ್ಕಿಯಿಂದ ಬಿರಾದಾರ ಎಂಬವರು ಬಂದರು. ಒಂದು ಕಲ್ಲುಗಣಿ ಕಂಪನಿಯ ಮ್ಯಾನೇಜರ್. ಕೈಯಲ್ಲಿ ಸೇಬು, ಮುಖದಲ್ಲಿ ಚಿಂತೆ. ಔರಾದ ತಾಲೂಕಿನ ಎಕಂಬಾದ ಹತ್ತಿರ ಒಂದು ಕರಿಕಲ್ಲಿನ ಗುಡ್ಡವಿದೆ. ಅದನ್ನು ಒಡೆದು, ಪಕ್ಕದಲ್ಲೇ ಜಲ್ಲಿ ಮಾಡುವ ಖಡಿ ಮಷೀನು ಹಾಕಬೇಕೆಂದು ಕಂಪನಿಯ ಯೋಜನೆ. ಊರವರಿಗೆ ಧೂಳಿನ ಭಯ, ಬೋರಿನ ನೀರಿನ ಭಯ, ಗೋಡೆ ಬಿರುಕು ಬಿಡುವ ಭಯ. ಅಕ್ಕಪಕ್ಕದ ಜನರನ್ನು ಕೂರಿಸಿಕೊಂಡು ಅವರ ಪ್ರಶ್ನೆಗಳಿಗೆ ಉತ್ತರ ಕೊಟ್ಟು, ಏನು ಕೇಳಿದರು, ಏನು ಹೇಳಿದೆವು ಎಂಬ ವರದಿಯನ್ನು ಔರಾದಿನ ಕಚೇರಿಗೆ ಒಪ್ಪಿಸಿದ ಮೇಲೆಯೇ ಮುಂದಿನ ಮಾತು. "ಸರ್, ನಾವು ಕಲ್ಲು ಒಡಿಯೋ ಮಂದಿ. ನಮಗ ಮಾತು ಬರಂಗಿಲ್ರಿ. ಹೋದ ಸಲ ಒಂದೂರಾಗ ಸಭಾ ಮಾಡಿದ್ವಿ, ಮಂದಿ ಕುರ್ಚಿ ಎತ್ತಿದ್ರು. ಈ ಸಭಾ ನೀವು ಸಂಭಾಳಸಬೇಕ್ರಿ," ಎಂದರು. ಎಕಂಬಾ ಎಂದ ಕೂಡಲೇ ನಾನು, "ಅರೇ, ಅದು ನಮ್ಮ ಅತ್ತಿ ಊರೇರಿ!" ಎಂದೆ. ಬಿರಾದಾರರ ಮುಖ ಅರಳಿತು. ಇದೇ ಮಾತಿಗೆ ನಾನು ಎಚ್ಚರಗೊಳ್ಳಬೇಕಿತ್ತು. ನಾನೂ ಅರಳಿದೆ.

ಆಮೇಲೆ ನಾನು ಮಾಡಿದ ತಯಾರಿಯನ್ನು ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ. ಊರಲ್ಲಿ ಗಟ್ಟಿ ದನಿಯವರು ಯಾರಾರು ಎಂದು ವಿಚಾರಿಸಿದೆ. ಆರು ಜನ ಸಿಕ್ಕರು. "ಈ ಆರು ಮಂದಿಗಿ ಸಭಾ ಚಾಲೂ ಆದ ಕೂಡಲೇ ಸನ್ಮಾನ ಮಾಡಬೇಕ್ರಿ. ಪ್ರಶ್ನಿ ಎಲ್ಲಾ ಆಮ್ಯಾಲ," ಎಂದೆ. ಬಿರಾದಾರರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ನನ್ನ ಕೈ ಹಿಡಿದುಕೊಂಡು, "ಸರ್, ನೀವು ಕಾಲೇಜಿನಾಗ ಯಾಕ ಇದ್ದೀರಿ?" ಎಂದರು. ಹೊಗಳಿಕೆಗೆ ಉಬ್ಬಿದ ನಾನು ಇನ್ನೊಂದು ಹೆಜ್ಜೆ ಮುಂದೆ ಹೋದೆ. ಪ್ರಶ್ನೆಗಳನ್ನೂ ನಾನೇ ಬರೆದೆ. ಶಾಲೆಗೆ ಬಣ್ಣ ಹಚ್ಚಿಸುತ್ತೀರಾ, ಲಾರಿ ಓಡಾಡುವ ದಾರಿಗೆ ನೀರು ಹೊಡೆಸುತ್ತೀರಾ, ಊರಿನ ಹುಡುಗರಿಗೆ ಕೆಲಸ ಕೊಡುತ್ತೀರಾ, ಹೀಗೆ ಎಂಟು ಪ್ರಶ್ನೆ, ಎಂಟು ಚೀಟಿ. ಎಲ್ಲಕ್ಕೂ "ಹೌದು" ಎಂಬ ಉತ್ತರ ಮೊದಲೇ ತಯಾರಿತ್ತು. ಶಾಲಿನ ಪಟ್ಟಿಯಲ್ಲಿ ನಮ್ಮ ಮಾಳಮ್ಮ ಅತ್ತೆಯ ಹೆಸರು ಹಾಕುವುದು ನನಗೆ ಹೊಳೆಯಲೇ ಇಲ್ಲ. ಹೆಣ್ಣುಮಗಳು, ಅದೂ ಕುರಿ ಕಾಯುವವಳು, ಅದೂ ಮನೆಯವಳು. ಅವಳೇನು ಕೇಳುತ್ತಾಳೆ ಎಂದುಕೊಂಡಿದ್ದೆ.

ಅತ್ತೆಯ ಬಗ್ಗೆ ಎರಡು ಮಾತು. ನಮ್ಮಪ್ಪನ ತಂಗಿ. ನಲವತ್ತು ಕುರಿ, ಮೂರು ಎಕರೆ ಖುಷ್ಕಿ ಹೊಲ, ಒಂದು ಕೋಲು, ಇದು ಅವಳ ಸಂಸಾರ. ನಾನು ಸಣ್ಣವನಿದ್ದಾಗ ರಜೆಗೆ ಅವಳ ಮನೆಗೆ ಹೋಗುತ್ತಿದ್ದೆ. ಶಾಲೆಯ ಭಾಷಣ ಸ್ಪರ್ಧೆಗೆ ನಾನು ತಯಾರಿ ನಡೆಸಿದ್ದು ಅವಳ ಕುರಿಗಳ ಮುಂದೆಯೇ. ಅವು ಮೇಯುತ್ತ ಮೇಯುತ್ತ ಕೇಳುತ್ತಿದ್ದವು. ಅತ್ತೆ ಮಾತ್ರ ಕೋಲಿನ ಮೇಲೆ ಗದ್ದ ಊರಿ, ಒಂದು ಶಬ್ದವೂ ಬಿಡದಂತೆ ಕೇಳಿ, "ಇನ್ನೊಮ್ಮಿ ಅನ್ನು, ತಮ್ಮಾ," ಅನ್ನುತ್ತಿದ್ದಳು. ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿದವರು ಆಮೇಲೆ ಯಾರೂ ಸಿಗಲಿಲ್ಲ, ಕಾಲೇಜಿನಲ್ಲಂತೂ ಇಲ್ಲವೇ ಇಲ್ಲ.

ಸಭೆ ನಡೆದದ್ದು ಶಾಲೆಯ ಅಂಗಳದಲ್ಲಿ. ಸುವರ್ಣಾಳೂ ಬಂದಿದ್ದಳು, ಅತ್ತೆಯನ್ನು ನೋಡಿದಂತಾಯಿತೆಂದು. ಆರು ಜನರಿಗೆ ಶಾಲು, ಹಾರ, ಫೋಟೋ ಆಯಿತು. ಅವರಲ್ಲೊಬ್ಬರು ಬೋರಿನ ನೀರಿನ ವಿಷಯಕ್ಕೆ ಕಂಪನಿಯ ಗ್ರಹಚಾರ ಬಿಡಿಸುತ್ತೇನೆಂದು ಬೆಳಗ್ಗೆ ಹೋಟೆಲಿನಲ್ಲಿ ಹೇಳಿಕೊಂಡು ಬಂದಿದ್ದರಂತೆ. ಶಾಲು ಹೊದ್ದ ಮೇಲೆ ಒಮ್ಮೆ ಎದ್ದು, ಸುತ್ತ ನೋಡಿ, ಶಾಲು ಸರಿಮಾಡಿಕೊಂಡು ಮತ್ತೆ ಕೂತರು. ಮೊದಲೇ ಊರವರಿಗೆ ಹಂಚಿದ್ದ ಚೀಟಿಗಳೂ ಒಂದೊಂದಾಗಿ ಸಾಗಿದವು. ಒಂದೇ ಒಂದು ಎಡವಟ್ಟಾಯಿತು. ಯಾರು ಹೇಗೆ ಕೇಳಬೇಕೆಂದು ನಾನು ಚೀಟಿಯ ಮೂಲೆಯಲ್ಲಿ ಸಣ್ಣದಾಗಿ ಬರೆದಿದ್ದೆ. ಐದನೆಯವರು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು, "ಊರಿನ ಹುಡುಗರಿಗೆ ಕೆಲಸ ಕೊಡುತ್ತೀರಾ, ಸ್ವಲ್ಪ ಸಿಟ್ಟಿನಿಂದ ಕೇಳಬೇಕು," ಎಂದು ಪೂರ್ತಿ ಓದಿಬಿಟ್ಟರು, ಅದೂ ಬಹಳ ಶಾಂತವಾಗಿ. ನಾನು ಕೂಡಲೇ, "ಸಿಟ್ಟೂ ಸಭ್ಯವಾಗಿರುವ ಊರು ಇದು!" ಎಂದೆ. ಚಪ್ಪಾಳೆ ಬಿತ್ತು. ಕಲ್ಲು ಒಡೆಯಲು ದಿನಾ ಮಧ್ಯಾಹ್ನ ಮದ್ದು ಹಾರಿಸುತ್ತೇವೆಂದು ಬಿರಾದಾರರು ನಡುವೆ ಹೇಳಿದರು. ಎಂಟು ಪ್ರಶ್ನೆ ಮುಗಿದವು. ಆ ಕಡೆಯಿಂದ ಉಪ್ಪಿಟ್ಟಿನ ವಾಸನೆ ಬರತೊಡಗಿತು.

ಆಗ ಹಿಂದಿನ ಸಾಲಿನಿಂದ ಅತ್ತೆ ಎದ್ದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಚೀಟಿ ಇಲ್ಲ. "ನಂದೂ ಒಂದು ಮಾತದರಿ ಸಾಹೇಬ್ರ," ಎಂದು ಬಿರಾದಾರರ ಕಡೆ ತಿರುಗಿದಳು. "ನೀವು ಮಧ್ಯಾಹ್ನ ಮದ್ದು ಹಾರಸ್ತೀರಿ ಅಂದ್ರಿ. ಮಧ್ಯಾಹ್ನ ನನ್ನ ಕುರಿ ನೀರಿಗಿ ಹಳ್ಳಕ್ಕ ಹೋಗ್ತಾವ. ಗುಡ್ಡದ ಬುಡಕ್ಕೇ ಹಾದಿ ಅದರಿ, ಬ್ಯಾರೆ ಹಾದಿ ಇಲ್ಲ. ಗಬ್ಬದ ಕುರಿ ಒಮ್ಮಿ ಬೆಚ್ಚಿದ್ರ ಕಂದು ಹಾಕ್ತಾವ. ಅದಕ್ಕೇನು ಮಾಡ್ತೀರಿ?" ಕಂದು ಹಾಕುವುದೆಂದರೆ ಹೊಟ್ಟೆಯ ಮರಿ ದಿನ ತುಂಬುವ ಮೊದಲೇ ಸತ್ತು ಬೀಳುವುದು. ಕುರಿ ಸಾಕಿದವರಿಗೆ ಅದಕ್ಕಿಂತ ಕೆಟ್ಟ ಮಾತಿಲ್ಲ. ಬಿರಾದಾರರು ಗಂಟಲು ಸರಿಮಾಡಿಕೊಂಡು, "ಹಾರಸೋಕಿಂತ ಹತ್ತು ನಿಮಿಷ ಮೊದಲು ಸೈರನ್ ಹೊಡಿತೀವಮ್ಮ," ಎಂದರು. ಅತ್ತೆ, "ಸೈರನ್ ಕೇಳಿ ನಾ ತಿಳ್ಕೊಂತೇನ್ರಿ. ಕುರಿಗಿ ಹ್ಯಾಂಗ ತಿಳೀತದ? ಅವು ಸೈರನ್ನಿಗೇ ಬೆಚ್ತಾವಲ್ಲ," ಎಂದಳು.

ಬಿರಾದಾರರು ನನ್ನ ಮುಖ ನೋಡಿದರು. ಅಂಗಳ ಸುಮ್ಮನಾಯಿತು. ಒಂದು ಕ್ಷಣ, ಎರಡು ಕ್ಷಣ. ಮೂರನೆಯದನ್ನು ನನ್ನಿಂದ ತಡೆಯಲಾಗಲಿಲ್ಲ. ಮೈಕು ಬಾಯಿಗೆ ಹಿಡಿದು, "ಅತ್ತೀ, ಫಿಕರ್ ಮಾಡಬ್ಯಾಡ! ನಿನ್ನ ಕುರಿಗಿ ಒಂದೊಂದು ಮೊಬೈಲ್ ಕೊಡಸಮು. ಮದ್ದು ಹಾರಸೋ ಮೊದಲ ಕಂಪನಿಯೋರು ಮಿಸ್ ಕಾಲ್ ಕೊಡ್ತಾರ!" ಎಂದೆ. ಅಂಗಳವೇ ನಕ್ಕಿತು. ಶಾಲು ಹೊದ್ದ ಆರು ಜನರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗೆ ನಿಲ್ಲುವ ಮೊದಲೇ ನಾನು ವಂದನಾರ್ಪಣೆ ಮುಗಿಸಿ ಉಪ್ಪಿಟ್ಟಿಗೆ ಕರೆದೆ. ಅತ್ತೆಯೂ ನಕ್ಕಳು. ನಗುತ್ತಲೇ ಅತ್ತಿತ್ತ ನೋಡಿದಳು, ಸೆರಗು ಎಳೆದುಕೊಂಡು ಕೂತಳು. ಆ ಕೂತ ರೀತಿ ಇವತ್ತಿಗೂ ನನ್ನ ಕಣ್ಣಿಂದ ಹೋಗಿಲ್ಲ. ಆ ಹೊತ್ತಿಗೆ ಮಾತ್ರ ನನಗೆ ಅದು ಕಂಡಿರಲಿಲ್ಲ. ಬಿರಾದಾರರು ಬಂದು ಬೆನ್ನು ತಟ್ಟುತ್ತಿದ್ದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಔರಾದ ದಾಟಿದ ಮೇಲೆ ಸುವರ್ಣಾ ನನ್ನ ಕಡೆ ತಿರುಗಿದಳು. "ಅತ್ತಿಯವರು ಕೇಳಿದ್ದಕ್ಕ ಏನು ಉತ್ತರ ಕೊಟ್ರಿ?" ಎಂದಳು. "ಮಂದಿ ಹ್ಯಾಂಗ ನಕ್ಕರು, ನೋಡಿಲ್ಲೇನು?" ಎಂದೆ. "ನಾ ಕೇಳಿದ್ದು ಅದಲ್ರಿ," ಎಂದು ಕಿಟಕಿಯ ಕಡೆ ಮುಖ ತಿರುಗಿಸಿದಳು. ನನಗೆ ಸಿಟ್ಟು ಬಂತು. ತಪ್ಪು ಮಾಡಿದವನಿಗೆ ಮೊದಲು ಬರುವುದು ಸಿಟ್ಟೇ. ಅದೇ ಸಿಟ್ಟಿನಲ್ಲಿ ಮರುದಿನ ವರದಿ ಬರೆಯಲು ಕೂತೆ. ಅದನ್ನೂ ನನ್ನ ತಲೆಗೇ ಕಟ್ಟಿದ್ದರು. "ಗ್ರಾಮಸ್ಥರು ಒಟ್ಟು ಎಂಟು ಪ್ರಶ್ನೆಗಳನ್ನು ಕೇಳಿದರು. ಎಲ್ಲದಕ್ಕೂ ಸಮಾಧಾನಕರ ಉತ್ತರ ನೀಡಲಾಯಿತು. ಸಭೆಯು ನಗೆಯ ವಾತಾವರಣದಲ್ಲಿ ಮುಕ್ತಾಯವಾಯಿತು." ಅಕ್ಷರ ದುಂಡಗಿತ್ತು, ಎಲ್ಲವೂ ಸರಿಯಾಗಿತ್ತು, ಅತ್ತೆಯ ಪ್ರಶ್ನೆ ಇರಲಿಲ್ಲ. ಚೀಟಿಯಲ್ಲಿ ಇರಲಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡು ಕಳಿಸಿಬಿಟ್ಟೆ.

ಕಳಿಸಿದ ಮೇಲೆ ಶುರುವಾಯಿತು. ಊಟಕ್ಕೆ ಕೂತರೆ ಅತ್ತೆ, ಪಾಠಕ್ಕೆ ನಿಂತರೆ ಅತ್ತೆ. ಒಂದು ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಏನೋ ಕೇಳಿದಳು. ಎಂದಿನಂತೆ ಒಂದು ತಮಾಷೆ ಮಾಡಿ ಕೂರಿಸಿದೆ. ಅವಳು ನಗುತ್ತಲೇ ಕೂತಳು. ಇಪ್ಪತ್ತು ವರ್ಷದಲ್ಲಿ ಹೀಗೆ ಎಷ್ಟು ಜನರನ್ನು ಕೂರಿಸಿದ್ದೇನೋ ಎಂದು ಮೊದಲ ಸಲ ಅನಿಸಿತು. ಎಣಿಸಲು ಧೈರ್ಯವಾಗಲಿಲ್ಲ. ಭಾನುವಾರ ಯಾರಿಗೂ ಹೇಳದೆ ಎಕಂಬಾದ ಹಾದಿ ಹಿಡಿದೆ.

ಬೈದರೆ ಬೈಸಿಕೊಂಡು ಬರೋಣವೆಂದು ಹೋಗಿದ್ದೆ. ಅತ್ತೆ ಬೈಯಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ ಹಾಕಿಕೊಟ್ಟಳು. ಉಣ್ಣುತ್ತ, ತಲೆ ತಗ್ಗಿಸಿಕೊಂಡೇ, "ಅತ್ತೀ, ನಂದು ತಪ್ಪಾಗ್ಯಾದ. ನೀ ಕೇಳಿದ್ದು ನಾ ವರದಿದಾಗ ಬರದಿಲ್ಲ," ಎಂದೆ. ಅತ್ತೆ ಇನ್ನೊಂದು ರೊಟ್ಟಿ ಹಾಕುತ್ತ, "ನೀ ನಗಿಸಿದಿ, ನಾ ಭೀ ನಕ್ಕೆ. ನಗು ಬಂತು, ನಕ್ಕೆ. ಮನಿಗಿ ಬಂದು ನೋಡಿದ್ರ ಕುರಿ ಹಂಗೇ ಅದಾವಲ್ಲೋ ತಮ್ಮಾ. ಹದಿನೆಂಟು ಗಬ್ಬ ಅದಾವ," ಎಂದಳು. ಅರ್ಧ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟೆ. ಬೈದಿದ್ದರೆ ಪೂರ್ತಿ ತಿನ್ನುತ್ತಿದ್ದೆ.

ಕೈ ತೊಳೆದುಕೊಂಡು, "ಈಗೇ ಒಂದು ಅರ್ಜಿ ಬರೀತೇನಿ, ನಾಳಿ ಔರಾದ ಕಚೇರಿಗಿ ಕೊಡಮು," ಎಂದೆ. ಅಲ್ಲಿಯೇ ಕಟ್ಟೆಯ ಮೇಲೆ ಕೂತು ಬರೆದೆ. ಪಶ್ಚಾತ್ತಾಪದ ಬಿಸಿಯಲ್ಲಿದ್ದೆನಲ್ಲ, ಲೇಖನಿ ಓಡಿತು. ಅನಾದಿ ಕಾಲದಿಂದ ಈ ನೆಲದ ಮಕ್ಕಳಾಗಿ, ಪ್ರಕೃತಿಯ ಮಡಿಲಲ್ಲಿ, ಮೂಕಪ್ರಾಣಿಗಳ ಮೌನ ರೋದನ, ಎಲ್ಲವೂ ಬಂದವು. ಎರಡು ಪುಟ ತುಂಬಿದವು. ಗಟ್ಟಿಯಾಗಿ ಓದಿದೆ, ಓದುತ್ತ ನನ್ನ ಕಣ್ಣೇ ಒದ್ದೆಯಾಯಿತು. ಅತ್ತೆ ಹಿಂದಿನಂತೆಯೇ ಕೋಲಿನ ಮೇಲೆ ಗದ್ದ ಊರಿ ಪೂರಾ ಕೇಳಿದಳು. "ಭಾಳ ಛಂದ ಬರದಿ," ಎಂದಳು. ಹಾಳೆಯ ಕಡೆ ಕೋಲು ತೋರಿಸಿ, "ಆದ್ರ ನಾ ಕೇಳಿದ್ದು ಇದರಾಗ ಎಲ್ಲದ?" ಎಂದಳು. ಹುಡುಕಿದೆ. ಇರಲಿಲ್ಲ. ದೇವರಾಣೆಗೂ ಇರಲಿಲ್ಲ. ಹಾದಿ ಇರಲಿಲ್ಲ, ಹಳ್ಳ ಇರಲಿಲ್ಲ, ಮಧ್ಯಾಹ್ನ ಇರಲಿಲ್ಲ. ಒಂದೇ ಪ್ರಶ್ನೆಯನ್ನು ನಾನು ಮೂರನೆಯ ಸಲ ನುಂಗಿದ್ದೆ, ಈ ಸಲ ಅವಳ ಪರವಾಗಿಯೇ. ಕೊನೆಗೆ ಅತ್ತೆ ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ನಾಲ್ಕು ಸಾಲಾಯಿತು. ಐದನೆಯ ಸಾಲಿಗೆ ಒಂದು ಉಪಮೆ ಹೊಳೆದಿತ್ತು. ಅತ್ತೆ, "ಸಾಕು," ಎಂದು ಹೆಬ್ಬೆಟ್ಟು ಮುಂದೆ ಚಾಚಿದಳು.

ಅರ್ಜಿ ಕೊಟ್ಟು ಎಂಟು ದಿನವಾಗಿರಲಿಲ್ಲ, ಬಿರಾದಾರರ ಫೋನ್ ಬಂತು. "ಸರ್, ಒಂದು ಲಫಡಾ ಆಗ್ಯಾದ್ರಿ. ಎಕಂಬಾದಿಂದ ಯಾರೋ ಅರ್ಜಿ ಹಾಕ್ಯಾರ. ನಾಲ್ಕೇ ಸಾಲು, ಆದ್ರ ಯಾವನೋ ಭಾಳ ಶಾಣ್ಯಾ ಬರದಾನ್ರಿ, ಎಲ್ಲಿಂದ ಹಿಡೀಬೇಕೋ ತಿಳೀವಲ್ದು. ಇದಕ್ಕ ಉತ್ತರ ನೀವೇ ಬರದು ಕೊಡಬೇಕು." ಶಾಣ್ಯಾ, ಅಂದರೆ ಜಾಣ, ಎಂದಾಗ ಒಂದು ಗಳಿಗೆ ನನಗೆ ಸಂತೋಷವಾಯಿತೆಂದು ಒಪ್ಪಿಕೊಳ್ಳುತ್ತೇನೆ. ಆಮೇಲೆ, "ಬರದವನು ನಾನೇರಿ. ಹೇಳಿದಾಕಿ ನಮ್ಮ ಅತ್ತಿ," ಎಂದೆ. ಬಿರಾದಾರರು ಬೈಯುತ್ತಾರೆಂದು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದೆ. ಅವರು ಬಹಳ ಖುಷಿಯಾದರು. "ಮತ್ತ ಛಲೋನೇ ಆಯ್ತಲ್ರಿ, ಮನಿ ಮಂದಿನೇ! ಬುಧವಾರ ಔರಾದಿಂದ ಸಾಹೇಬ್ರು ಜಾಗಾ ನೋಡಾಕ ಬರ್ತಾರ. ನೀವು ಬಂದು ಅತ್ತಿಯವರಿಗಿ ನಾಲ್ಕು ಮಾತು ಹೇಳಿಬಿಡ್ರಿ. ನೀವು ಹೇಳಿದ್ರ ಕೇಳ್ತಾರ." ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. "ಎಷ್ಟು ಗಂಟಿಗ್ರಿ?" ಎಂಬ ಮಾತು ಹೊರಗೆ ಬಂತು.

ಬುಧವಾರ ಮಧ್ಯಾಹ್ನ ಗುಡ್ಡದ ಬುಡದಲ್ಲಿ ನಾವೆಲ್ಲ ನಿಂತೆವು. ಮೈಕಿಲ್ಲ, ಕುರ್ಚಿಯಿಲ್ಲ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಬೇಲಿ ಹಾಕಿದ ಹೊಲ, ನಡುವೆ ನಾಲ್ಕು ಮೊಳ ಅಗಲದ ಹಾದಿ. ಹೊತ್ತಿಗೆ ಸರಿಯಾಗಿ ಅತ್ತೆಯ ಕುರಿಗಳು ಬಂದವು. ಗಬ್ಬದ ಕುರಿಗಳು ಹೊಟ್ಟೆ ಹೊತ್ತುಕೊಂಡು ಹಿಂದೆ ನಿಧಾನವಾಗಿ ಬರುತ್ತಿದ್ದವು. ಸಾಹೇಬರು ಪಕ್ಕಕ್ಕೆ ಸರಿಯಲು ನೋಡಿದರು, ಸರಿಯಲು ಜಾಗವಿರಲಿಲ್ಲ. ಕುರಿಗಳು ಅವರ ಪ್ಯಾಂಟು ಒರೆಸಿಕೊಂಡೇ ಹೋದವು. ಅತ್ತೆ ಅವರ ಎದುರು ನಿಂತು, ಶಾಲೆಯ ಅಂಗಳದಲ್ಲಿ ಕೇಳಿದ್ದನ್ನೇ ಅದೇ ದನಿಯಲ್ಲಿ ಇನ್ನೊಮ್ಮೆ ಕೇಳಿದಳು. ಸಾಹೇಬರು ಬಿರಾದಾರರನ್ನು ನೋಡಿದರು. ಬಿರಾದಾರರು ನನ್ನನ್ನು ನೋಡಿದರು. ಅಲ್ಲಿ ನೆರೆದಿದ್ದ ಊರವರೂ, ಆರು ಶಾಲಿನವರ ಸಮೇತ, ನನ್ನನ್ನೇ ನೋಡಿದರು. ಎಲ್ಲರ ತುಟಿಯೂ ನಗಲು ತಯಾರಾಗಿತ್ತು.

ಒಂದು ಕ್ಷಣ, ಎರಡು, ಮೂರು. ಸತ್ಯ ಹೇಳುತ್ತೇನೆ, ಆಗಲೂ ಒಂದು ಜೋಕು ಹೊಳೆದಿತ್ತು, ಮಿಸ್ ಕಾಲ್‌ಗಿಂತ ಒಳ್ಳೆಯದಿತ್ತು. ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅತ್ತೆಯ ಕಡೆ ನೋಡಿದೆ. ಅವಳು ಮುಖದಲ್ಲಿ ನಗೆ ತಂದುಕೊಂಡು ಆಗಲೇ ಸೆರಗಿಗೆ ಕೈ ಹಾಕುತ್ತಿದ್ದಳು. ಅದನ್ನು ಕಂಡು ಜೋಕನ್ನು ನುಂಗಿಕೊಂಡೆ. ಬಾಯಿ ಬಿಗಿಹಿಡಿದು, ನನ್ನ ಚಪ್ಪಲಿಯನ್ನೇ ನೋಡುತ್ತ ನಿಂತೆ. ನಾಲ್ಕು, ಐದು, ಹತ್ತು. ಎಲ್ಲೋ ಒಂದು ಕುರಿ ಕೆಮ್ಮಿತು. ಕೊನೆಗೆ ಬಿರಾದಾರರೇ, ಹಣೆಯ ಬೆವರು ಒರೆಸಿಕೊಂಡು, "ಇದನ್ನ ನಾವು ವಿಚಾರ ಮಾಡಿಲ್ರಿ ಸಾಹೇಬ್ರ," ಎಂದರು. ಸಾಹೇಬರು ಕಾಗದದ ಮೇಲೆ ಬರೆದುಕೊಂಡರು. "ವಿಚಾರ ಮಾಡ್ರಿ. ಬ್ಯಾರೆ ಹಾದಿ ತೋರಸೋತನಕ ಮದ್ದಿನ ಮಾತು ಬ್ಯಾಡ," ಎಂದು ಜೀಪಿನ ಕಡೆ ನಡೆದರು. ಗುಡ್ಡ ಉಳಿಯಿತೆಂದು ನಾನು ಹೇಳುತ್ತಿಲ್ಲ. ಅತ್ತೆಯ ಪ್ರಶ್ನೆ ಉಳಿಯಿತು, ಅಷ್ಟೇ. ಅದಕ್ಕೆ ಯಾರಾದರೂ ಒಬ್ಬರು ಉತ್ತರಿಸಲೇಬೇಕು.

ಜನ ಚದುರಿದರು. ಕುರಿಗಳು ಹಳ್ಳಕ್ಕಿಳಿದವು. ಅತ್ತೆ ಅವುಗಳ ಹಿಂದೆ ಹೊರಟವಳು, ತಿರುಗಿ ಬಂದು, ನನ್ನ ಬೆನ್ನ ಮೇಲೆ ಕೈಯಿಟ್ಟು, ಬಹಳ ತೃಪ್ತಿಯಿಂದ ಅಂದಳು:

"ಇವತ್ತ ಭಾಳ ಛಲೋ ಮಾತಾಡಿದಿ ನೋಡು, ತಮ್ಮಾ."